ಊರ ಹೆಸರು ಕನ್ನಡ, ಫಲಕ ಮರಾಠಿ
ಹಿರಣ್ಯಕೇಶಿ ದಡದ ಗಡಹಿಂಗ್ಲಜ ತಾಲೂಕಿನ ನೆಲ, ಚರಿತ್ರೆ ಮತ್ತು ಜನ

ಬೆಳಗಾವಿ ಜಿಲ್ಲೆಯ ಸಂಕೇಶ್ವರದಿಂದ ಪಶ್ಚಿಮಕ್ಕೆ ಸುಮಾರು 15 ಕಿಲೋಮೀಟರು ಹೋದರೆ ಗಡಹಿಂಗ್ಲಜ ಎಂಬ ಪೇಟೆ ಸಿಗುತ್ತದೆ. ಅಲ್ಲಿನವರ ಬಾಯಲ್ಲಿ ಅದು 'ಗಡಿಂಗ್ಲಜ'. ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ತಾಲೂಕು ಕೇಂದ್ರ. ದಾರಿಯಲ್ಲಿ ರಾಜ್ಯ ಬದಲಾಗುತ್ತದೆ. ಆದರೆ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತವನಿಗೆ ಅದು ತಿಳಿಯುವುದಿಲ್ಲ. ಅದೇ ಕಬ್ಬು, ಅದೇ ಎರೆಮಣ್ಣು, ಪಕ್ಕದ ಸೀಟಿನಲ್ಲಿ ಅದೇ ಮಾತು. ಕಣ್ಣು ತೆರೆದರೆ ಮಾತ್ರ ಅಂಗಡಿಗಳ ಫಲಕದ ಅಕ್ಷರ ಬೇರೆಯಾಗಿರುತ್ತದೆ.

ಕೆಲಸದ ನಿಮಿತ್ತ ಇಚಲಕರಂಜಿಯಲ್ಲಿ ಕೆಲವು ವರ್ಷ ಇದ್ದಾಗ ನಾನು ಈ ತಾಲೂಕಿಗೆ ಹಲವು ಸಲ ಹೋಗಿದ್ದೇನೆ. ಮೊದಲ ಸಲ ಹೋದಾಗ ಬಸ್ ನಿಲ್ದಾಣದಲ್ಲಿ ಹಳ್ಳಿಗಳ ಹೆಸರು ಓದುತ್ತಾ ನಿಂತೆ. ಬರಹ ದೇವನಾಗರಿ. ಓದಿದ್ದು ಮಾತ್ರ ಹೀಗೆ: ಮುತ್ನಾಳ, ಇಂಚನಾಳ, ಹುನಗಿನಹಾಳ, ತೆಗ್ಗಿನಹಾಳ, ಬುಗಡಿಕಟ್ಟಿ, ಹಲಕರ್ಣಿ, ಹೆಬ್ಬಾಳ. ಬೆಂಗಳೂರಿನಲ್ಲಿ ಹೆಬ್ಬಾಳದ ಮೇಲುಸೇತುವೆಯಲ್ಲಿ ದಿನಾ ಸಿಕ್ಕಿಹಾಕಿಕೊಳ್ಳುವ ನಮ್ಮವರಿಗೆ ಮಹಾರಾಷ್ಟ್ರದ ಒಳಗೂ ಹೆಬ್ಬಾಳವಿದೆ ಎಂದರೆ ನಗು ಬಂದೀತು. ಒಂದಲ್ಲ, ಎರಡಿವೆ. ತೆಗ್ಗು ಎಂದರೆ ತಗ್ಗು ನೆಲ ಎಂದು ಉತ್ತರ ಕರ್ನಾಟಕದ ಯಾವ ಮಗುವಿಗೂ ಗೊತ್ತು. ನೂಲ ಎಂಬ ದೊಡ್ಡ ಊರೂ ಇಲ್ಲಿದೆ. ನೂಲು ತೆಗೆಯುವ ಊರು ಮಾತ್ರ ಅದಲ್ಲ, ಅದು ಇಚಲಕರಂಜಿ. ಆ ಮಾತಿಗೆ ಮುಂದೆ ಬರೋಣ.

ಊರಿನ ಹೆಸರು ಒಂದು ಭಾಷೆಯಲ್ಲಿ, ಆ ಊರಿನ ಸಾತ್-ಬಾರಾ ಉತಾರ ಇನ್ನೊಂದು ಭಾಷೆಯಲ್ಲಿ. ಜಮೀನಿನ ಆ ಕಾಗದವನ್ನು ಅಲ್ಲಿ ಹಾಗೆಯೇ ಕರೆಯುತ್ತಾರೆ. ಇದು ಹೇಗಾಯಿತು, ಇಲ್ಲಿನ ಜನ ಇದರೊಂದಿಗೆ ಹೇಗೆ ಬಾಳುತ್ತಾರೆ ಎಂಬುದೇ ಈ ಲೇಖನದ ವಿಷಯ.

ಮಳೆಯ ನಾಡಿನಿಂದ ಬಯಲಿಗೆ

ಕೊಲ್ಹಾಪುರ ಜಿಲ್ಲೆಯ ವಿಸ್ತೀರ್ಣ 7,685 ಚದರ ಕಿ.ಮೀ.; ಒಟ್ಟು 12 ತಾಲೂಕುಗಳು. ಪಶ್ಚಿಮಕ್ಕೆ ಸಹ್ಯಾದ್ರಿ, ಅದರಾಚೆ ಕೊಂಕಣ. ಪೂರ್ವಕ್ಕೆ ಕೃಷ್ಣಾ ನದಿಯ ಬಯಲು. ಘಟ್ಟದ ಅಂಚಿನ ಗಗನಬಾವಡಾದಲ್ಲಿ ವರ್ಷಕ್ಕೆ 5,000 ಮಿ.ಮೀ. ದಾಟುವ ಮಳೆ, ಪೂರ್ವದ ಶಿರೋಳದಲ್ಲಿ ಅದರ ಹತ್ತನೇ ಒಂದು ಪಾಲಿನಷ್ಟು ಬಿದ್ದರೆ ಹೆಚ್ಚು. ಒಂದೇ ಜಿಲ್ಲೆಯ ಒಂದು ಕಡೆ ಭತ್ತ, ಇನ್ನೊಂದು ಕಡೆ ಜೋಳ. ನಡುವೆ ಎಲ್ಲಿ ನದಿ ನೀರು ಏರಿಸಲು ಸಾಧ್ಯವೋ ಅಲ್ಲೆಲ್ಲ ಕಬ್ಬು.

ಗಡಹಿಂಗ್ಲಜ ಈ ಜಿಲ್ಲೆಯ ದಕ್ಷಿಣ ಭಾಗದಲ್ಲಿದೆ. ಪಶ್ಚಿಮಕ್ಕೆ ಆಜರಾ, ದಕ್ಷಿಣಕ್ಕೆ ಚಂದಗಡ, ಪೂರ್ವಕ್ಕೆ ನಮ್ಮ ಹುಕ್ಕೇರಿ ತಾಲೂಕು. ಆಂಬೋಲಿ ಘಟ್ಟದ ಹತ್ತಿರ ಹುಟ್ಟುವ ಹಿರಣ್ಯಕೇಶಿ ನದಿ ಆಜರಾ ದಾಟಿ, ಗಡಹಿಂಗ್ಲಜವನ್ನು ಮುಟ್ಟಿ, ಸಂಕೇಶ್ವರದ ಪಕ್ಕದಲ್ಲಿ ಹರಿದು ಘಟಪ್ರಭೆಯನ್ನು ಸೇರುತ್ತದೆ. ಘಟಪ್ರಭೆಯೂ ಈ ಸೀಮೆಯ ದಕ್ಷಿಣದಲ್ಲಿ ಹರಿದೇ ನಮ್ಮ ಕಡೆಗೆ ಬರುತ್ತದೆ. ಗೋಕಾಕ ಜಲಪಾತದ ಎದುರು ನಿಂತು ಫೋಟೋ ತೆಗೆಸಿಕೊಳ್ಳುವಾಗ ನಮ್ಮ ಎದುರು ಧುಮುಕುವುದು ಚಂದಗಡ, ಆಜರಾ, ಗಡಹಿಂಗ್ಲಜಗಳ ಮಳೆನೀರೇ. 2019 ಮತ್ತು 2021ರಲ್ಲಿ ನೆರೆ ಬಂದಾಗ ಹಿರಣ್ಯಕೇಶಿ ಎರಡೂ ರಾಜ್ಯಗಳಲ್ಲಿ ಮನೆಗಳಿಗೆ ನುಗ್ಗಿತು. ಮೇಲಿನವರು ನೀರು ಬಿಟ್ಟರು ಎಂದು ಕೆಳಗಿನವರು, ಕೆಳಗಿನವರು ಆಲಮಟ್ಟಿಯಲ್ಲಿ ನೀರು ಹಿಡಿದರು ಎಂದು ಕೃಷ್ಣೆಯ ಮೇಲಿನವರು ಹೇಳುವುದು ಪ್ರತಿ ಮಳೆಗಾಲದ ರೂಢಿ.

ತಾಲೂಕಿನ ಪಶ್ಚಿಮ ಭಾಗ ಗುಡ್ಡಗಾಡು, ಕೆಂಪು ಮಣ್ಣು. ಅಲ್ಲಿ ಮಾತು ಹೆಚ್ಚಾಗಿ ಮರಾಠಿ. ಪೂರ್ವಕ್ಕೆ ಬರುತ್ತಾ ನೆಲ ಸಪಾಟಾಗುತ್ತದೆ, ಮಣ್ಣು ಕಪ್ಪಾಗುತ್ತದೆ, ಮನೆಯ ಮಾತು ಕನ್ನಡವಾಗುತ್ತದೆ. ನೂಲ, ಹಲಕರ್ಣಿ, ಬಸರ್ಗೆ, ಹೆಬ್ಬಾಳಗಳು ಈ ಪೂರ್ವ ಪಟ್ಟಿಯವು. ಗಡಹಿಂಗ್ಲಜ ಪೇಟೆ ಎರಡರ ನಡುವೆ ತಕ್ಕಡಿಯ ಮುಳ್ಳಿನಂತೆ ನಿಂತಿದೆ. ಬೆಲ್ಲ, ಶೇಂಗಾ, ಮೆಣಸಿನಕಾಯಿ ಇಲ್ಲಿನ ಹಳೆಯ ವ್ಯಾಪಾರ. ಸಂಕೇಶ್ವರಿ ಮೆಣಸಿನಕಾಯಿ ಎಂದು ಹೆಸರಾದ ಉದ್ದನೆಯ ಕೆಂಪು ಕಾಯಿಯ ಸವಾಲು ಚಳಿಗಾಲದಲ್ಲಿ ನಡೆಯುವಾಗ ಪೇಟೆಯಲ್ಲಿ ಸೀನದೆ ನಡೆದವರಿಲ್ಲ. ಸವಾಲಿನಲ್ಲಿ ದರ ಕೂಗುವುದು ಮರಾಠಿಯಲ್ಲಿ. ರೈತ ತನ್ನ ಹೆಂಡತಿಗೆ 'ಕೊಡೂಣೇನ?' ಎಂದು ಕೇಳುವುದು ಕನ್ನಡದಲ್ಲಿ.

ಹರಳಿಯಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಹಂಗಾಮು ಶುರುವಾದರೆ ಕಬ್ಬು ಕಡಿಯುವವರು ದೂರದ ಬೀಡ ಜಿಲ್ಲೆಯಿಂದ ಬಂದು ಹೊಲದ ಅಂಚಿನಲ್ಲಿ ಗುಡಿಸಲು ಹಾಕುತ್ತಾರೆ. ಗಂಡ ಹೆಂಡತಿ ಸೇರಿ ಒಂದು 'ಕೊಯ್ತಾ'. ಮುಕಾದಮನ ಲೆಕ್ಕದಲ್ಲಿ ಇಬ್ಬರಿಗೂ ಸೇರಿ ಇರುವುದು ಒಂದೇ ಕುಡುಗೋಲಿನ ಹೆಸರು. ಅವರ ಮಕ್ಕಳು ಆರು ತಿಂಗಳು ಯಾವ ಶಾಲೆಯ ಹಾಜರಿಯಲ್ಲೂ ಇರುವುದಿಲ್ಲ. ಗಡಿಯ ಭಾಷೆಯ ಜಗಳದಲ್ಲಿ ಈ ಮಕ್ಕಳ ಮಾತು ಬರುವುದನ್ನು ನಾನು ಕೇಳಿಲ್ಲ.

ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಗಡಹಿಂಗ್ಲಜದ ಹುಡುಗರಿಗೆ ಕ್ರಿಕೆಟ್ಟಿಗಿಂತ ಫುಟ್‌ಬಾಲ್ ಹುಚ್ಚು. ಕೊಲ್ಹಾಪುರ ನಗರದ ಹಾಗೆಯೇ ಇಲ್ಲೂ ಪಂದ್ಯಾವಳಿ ಎಂದರೆ ಪೇಟೆಗೆ ಪೇಟೆಯೇ ಮೈದಾನದ ಸುತ್ತ ನಿಲ್ಲುತ್ತದೆ. ಅಲ್ಲಿ ಗೋಲು ಬಿದ್ದಾಗ ಕೂಗುವ ಕೂಗು ಯಾವ ಭಾಷೆಯದೂ ಅಲ್ಲ.

ಶಿಲಾಹಾರರಿಂದ ಶಾಹೂ ಮಹಾರಾಜರವರೆಗೆ

ಕೊಲ್ಹಾಪುರವನ್ನು ನಮ್ಮ ಹಳೆಯ ಕನ್ನಡ 'ಕೊಲ್ಲಾಪುರ' ಎನ್ನುತ್ತಿತ್ತು. ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲೂ 'ಕೊಲ್ಲಾಪುರದಮ್ಮ' ಎಂಬ ಗುಡಿಗಳಿರುವುದನ್ನು ಓದುಗರು ನೋಡಿರಬಹುದು. ಹತ್ತನೆಯ ಶತಮಾನದಿಂದ ಹದಿಮೂರನೆಯ ಶತಮಾನದ ಆರಂಭದವರೆಗೆ ಇಲ್ಲಿ ಆಳಿದ ಶಿಲಾಹಾರರು ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ಶಾಸನ ಬರೆಸಿದರು. 'ನೇಮಿನಾಥ ಪುರಾಣ' ಬರೆದ ಕನ್ನಡ ಕವಿ ಕರ್ಣಪಾರ್ಯ 12ನೆಯ ಶತಮಾನದಲ್ಲಿ ಈ ಮನೆತನದ ವಿಜಯಾದಿತ್ಯನ ಕಾಲದವನು. 1205ರಲ್ಲಿ ಸೋಮದೇವನೆಂಬ ಜೈನ ಪಂಡಿತ 'ಶಬ್ದಾರ್ಣವಚಂದ್ರಿಕೆ' ಎಂಬ ಸಂಸ್ಕೃತ ವ್ಯಾಕರಣ ಗ್ರಂಥವನ್ನು ಮುಗಿಸಿದ್ದು ಆಜುರಿಕೆಯಲ್ಲಿ, ಅಂದರೆ ಇಂದಿನ ಆಜರಾದಲ್ಲಿ. ಎರಡನೆಯ ಭೋಜನನ್ನು ದೇವಗಿರಿಯ ಸೇವುಣ ಸಿಂಘಣ ಸೋಲಿಸಿದ ಮೇಲೆ ಶಿಲಾಹಾರರ ಕಥೆ ಮುಗಿಯಿತು. ಭೋಜ ಕಟ್ಟಿಸಿದನೆನ್ನುವ ಕೋಟೆಗಳಲ್ಲಿ ಒಂದು ಗಡಹಿಂಗ್ಲಜ ತಾಲೂಕಿನ ಸಾಮಾನಗಡ.

ಸಾಮಾನಗಡಕ್ಕೆ ಒಮ್ಮೆಯಾದರೂ ಹೋಗಬೇಕು. ಕೆಂಪು ಜಂಬಿಟ್ಟಿಗೆ ಕಲ್ಲಿನ ಗುಡ್ಡ; ಅದೇ ಕಲ್ಲನ್ನು ಕೊರೆದು ಇಳಿಸಿದ ಬಾವಿಗಳು. ಅವುಗಳಲ್ಲಿ ಒಂದಕ್ಕೆ ಸಾಲಾಗಿ ಏಳು ಕಮಾನುಗಳಿವೆ. ಅದನ್ನು ಸಾತ್ ಕಮಾನ್ ಬಾವಿ ಎನ್ನುತ್ತಾರೆ. ಬಿಸಿಲಿನಿಂದ ಬಂದು ಆ ಮೆಟ್ಟಿಲು ಇಳಿದರೆ ನಾಲ್ಕನೆಯ ಕಮಾನಿನ ಹೊತ್ತಿಗೆ ಬೆವರು ಆರುತ್ತದೆ.

ಶಿವಾಜಿಯ ಕಾಲದಲ್ಲಿ ಈ ತಾಲೂಕು ಒಂದು ಮರೆಯಲಾಗದ ಸಾವನ್ನು ಕಂಡಿತು. ಮರಾಠಾ ಸೇನಾಪತಿ ಪ್ರತಾಪರಾವ್ ಗುಜರ್ ಸೆರೆಸಿಕ್ಕ ಬಿಜಾಪುರದ ಸರದಾರ ಬಹಲೋಲ ಖಾನನನ್ನು ಬಿಟ್ಟುಬಿಟ್ಟಿದ್ದಕ್ಕೆ ಶಿವಾಜಿಯ ಸಿಟ್ಟಿಗೆ ಗುರಿಯಾಗಿದ್ದ. ಆ ಅವಮಾನ ತಾಳದೆ 1674ರ ಫೆಬ್ರವರಿ 24ರಂದು ನೇಸರಿಯ ಕಣಿವೆಯಲ್ಲಿ ಕೇವಲ ಆರು ಸವಾರರೊಂದಿಗೆ ಬಹಲೋಲನ ಸೈನ್ಯದ ಮೇಲೆ ಬಿದ್ದು ಏಳೂ ಜನ ಮಡಿದರು. ನೇಸರಿ ಗಡಹಿಂಗ್ಲಜ ತಾಲೂಕಿನ ಊರು. ಅಲ್ಲಿ ಸ್ಮಾರಕವಿದೆ. ಮರಾಠಿ ಶಾಲೆಯಲ್ಲಿ ಓದಿದ ಯಾವ ಮಗುವಿಗೂ ಈ ಕಥೆ ಬಾಯಿಪಾಠ. ತಾಲೂಕಿನ ಕನ್ನಡ ಮನೆಯ ಮಕ್ಕಳೂ ಅದೇ ಶಾಲೆಯಲ್ಲಿ ಓದಿ, ಅದೇ ಏಳು ಜನರನ್ನು ತಮ್ಮವರೆಂದೇ ತಿಳಿದು ಬೆಳೆಯುತ್ತಾರೆ. ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಅವರು ಸತ್ತದ್ದು ಈ ಮಕ್ಕಳ ಊರಿನಲ್ಲೇ ತಾನೆ?

1844ರಲ್ಲಿ ಸಾಮಾನಗಡ ಮತ್ತೆ ಸುದ್ದಿಗೆ ಬಂತು. ಕೋಟೆ ಕಾಯುವ ಗಡಕರಿಗಳು ತಲೆತಲಾಂತರದಿಂದ ಉಂಡುಕೊಂಡು ಬಂದ ಇನಾಮು ಜಮೀನನ್ನು ಕೊಲ್ಹಾಪುರದ ಹೊಸ ಆಡಳಿತ ಮಾಮಲೇದಾರರ ಕೈಕೆಳಗೆ ತಂದಿತು. ಆ ಆಡಳಿತದ ಹಿಂದೆ ಬ್ರಿಟಿಷರಿದ್ದರು. ಗಡಕರಿಗಳು ಕೋಟೆಯ ಬಾಗಿಲು ಮುಚ್ಚಿ ದಂಗೆಯೆದ್ದರು. ಅದು ಉಳಿದ ಕೋಟೆಗಳಿಗೂ ಸಾವಂತವಾಡಿಗೂ ಹಬ್ಬಿತು. ಅದೇ ವರ್ಷ ಬ್ರಿಟಿಷ್ ಸೈನ್ಯ ಸಾಮಾನಗಡವನ್ನು ಹಿಡಿದು ಗೋಡೆಗಳನ್ನು ಕೆಡವಿತು. 1857ಕ್ಕೆ 13 ವರ್ಷ ಮೊದಲು ನಡೆದ ಈ ದಂಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿಗೂ ಬರುವುದು ಅಪರೂಪ.

ಕೊಲ್ಹಾಪುರದ ರಾಜರ್ಷಿ ಶಾಹೂ ಮಹಾರಾಜರ (1874–1922) ಬಗ್ಗೆ ಹೇಳದಿದ್ದರೆ ಈ ಜಿಲ್ಲೆಯ ಕಥೆ ಆಗುವುದಿಲ್ಲ. 1902ರ ಜುಲೈ 26ರಂದು ಸರ್ಕಾರಿ ಹುದ್ದೆಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದವರಿಗೆ ಮೀಸಲಿಟ್ಟ ಆಜ್ಞೆ ಅವರದು. ಹಳ್ಳಿಯ ಹುಡುಗರು ಓದಲು ನಗರಕ್ಕೆ ಬಂದರೆ ಉಳಿಯುವುದೆಲ್ಲಿ ಎಂದು ಜಾತಿ ಧರ್ಮಗಳ ಲೆಕ್ಕದಲ್ಲಿಯೇ ವಸತಿಗೃಹಗಳಿಗೆ ಜಾಗ, ಹಣ ಕೊಟ್ಟರು. ಮರಾಠರಿಗೆ, ಜೈನರಿಗೆ, ಮುಸ್ಲಿಮರಿಗೆ, ಲಿಂಗಾಯತರಿಗೆ, ಅಸ್ಪೃಶ್ಯರೆನಿಸಿದವರಿಗೆ, ಕ್ರೈಸ್ತರಿಗೂ. ಗಡಹಿಂಗ್ಲಜದ ಪೂರ್ವ ಪಟ್ಟಿಯ ಕನ್ನಡ ರೈತರ ಮಕ್ಕಳು ಕೊಲ್ಹಾಪುರದಲ್ಲಿ ಓದಿ ಮಾಸ್ತರು, ವಕೀಲರಾದ ದಾರಿ ಇದೇ. ಈ ಜನ ಮಹಾರಾಷ್ಟ್ರವನ್ನು ಪರನಾಡೆಂದು ಏಕೆ ಭಾವಿಸುವುದಿಲ್ಲ ಎಂಬುದಕ್ಕೆ ನನಗೆ ಸಿಕ್ಕ ಉತ್ತರಗಳಲ್ಲಿ ಇದು ಮುಖ್ಯವಾದುದು. ತಾತ ಅನ್ನ ಉಂಡದ್ದು ಅಲ್ಲಿ.

ಗೆರೆ ಎಳೆದ ವರ್ಷಗಳು

ಕೊಲ್ಹಾಪುರ ಸಂಸ್ಥಾನ 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ಅಲ್ಲಿಂದ ಶುರುವಾದ ಹಂಚಿಕೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಂಸ್ಥಾನದ ಭಾಗವಾಗಿದ್ದ ರಾಯಬಾಗ ಬೆಳಗಾವಿ ಜಿಲ್ಲೆಗೆ ಸೇರಿತು, ಇಂದು ಕರ್ನಾಟಕದಲ್ಲಿದೆ. ಅದೇ ಸಂಸ್ಥಾನದ ಗಡಹಿಂಗ್ಲಜ ಕೊಲ್ಹಾಪುರ ಜಿಲ್ಲೆಯಲ್ಲೇ ಉಳಿಯಿತು. ಇನ್ನು ಚಂದಗಡ ಬೆಳಗಾವಿ ಜಿಲ್ಲೆಯದಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಕೊಲ್ಹಾಪುರಕ್ಕೆ ಹೋಯಿತು. ಆಜರಾ ಇಚಲಕರಂಜಿಯ ಘೋರ್ಪಡೆ ಜಹಗೀರುದಾರರ ಕೈಯಲ್ಲಿತ್ತು. ನಡುವೆ ಇಷ್ಟು ದೂರವಿದ್ದರೂ ಜಹಗೀರು ಒಂದೇ. ಹೀಗೆ ಒಬ್ಬನೇ ರಾಜನ ಪ್ರಜೆಗಳಾಗಿದ್ದ ಬೀಗರು ಕೆಲವೇ ವರ್ಷಗಳಲ್ಲಿ ಎರಡು ರಾಜ್ಯಗಳ ಮತದಾರರಾದರು.

1966ರಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗ ನೇಮಿಸಿತು. 1967ರ ವರದಿ ಅಂದಿನ ಮೈಸೂರು ರಾಜ್ಯದ 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೂ ಮಹಾರಾಷ್ಟ್ರದ 247 ಹಳ್ಳಿಗಳನ್ನು ಮೈಸೂರಿಗೂ ಕೊಡಬೇಕೆಂದಿತು. ಈ 247ರಲ್ಲಿ ಗಡಹಿಂಗ್ಲಜ ತಾಲೂಕಿನ ಹಳ್ಳಿಗಳೂ ಸೇರಿದ್ದವು. ಬೆಳಗಾವಿ ನಗರವನ್ನು ಕೊಡಲಿಲ್ಲವೆಂದು ಮಹಾರಾಷ್ಟ್ರ ವರದಿಯನ್ನು ಒಪ್ಪಲಿಲ್ಲ. 2004ರಲ್ಲಿ ಅದು ಸುಪ್ರೀಂ ಕೋರ್ಟಿಗೆ ಹೋಯಿತು. ಒಂದು ಹಳ್ಳಿಯೂ ಕದಲಲಿಲ್ಲ.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಗಡಹಿಂಗ್ಲಜದ ಕನ್ನಡದವರಿಗೆ ಇರುವ ಚಿಂತೆಯೇ ಬೆಳಗಾವಿ, ಖಾನಾಪುರ, ನಿಪ್ಪಾಣಿಗಳ ಮರಾಠಿ ಮನೆಗಳಲ್ಲಿಯೂ ಇದೆ. ನಮ್ಮ ಧರ್ಮಕೇಂದ್ರಗಳ ಮರಾಠಿ ಕುಟುಂಬಗಳು ಅದನ್ನು ನಮಗೆ ಹೇಳಿಕೊಂಡಿರಲಿಕ್ಕಿಲ್ಲ; ನಾವು ಕೇಳಿಯೂ ಇಲ್ಲ.

ಗಡಿ ಗೆರೆ ಕಾಗದದ ಮೇಲೆ ಎಷ್ಟು ಗಟ್ಟಿಯೋ ನೆಲದ ಮೇಲೆ ಅಷ್ಟು ತೆಳುವು. ಕೊಲ್ಹಾಪುರದಿಂದ ಗಡಹಿಂಗ್ಲಜಕ್ಕೆ ನಿಪ್ಪಾಣಿಯ ಮೇಲೆ ಹೋಗುವ ಎಸ್.ಟಿ. ಬಸ್ಸು ಮಹಾರಾಷ್ಟ್ರದಿಂದ ಹೊರಟು, ಕರ್ನಾಟಕ ಹೊಕ್ಕು, ಮತ್ತೆ ಮಹಾರಾಷ್ಟ್ರಕ್ಕೆ ಬರುತ್ತದೆ. ಶಂಕರಾಚಾರ್ಯರ ಪೀಠವೊಂದರ ಹೆಸರೇ ಸಂಕೇಶ್ವರ-ಕರವೀರ. ಹೆಸರಿನ ಅರ್ಧ ಈ ರಾಜ್ಯದಲ್ಲಿ, ಅರ್ಧ ಆ ರಾಜ್ಯದಲ್ಲಿ. ನೂಲದ ಸುರಗೀಶ್ವರ ಮಠಕ್ಕೂ ಹುಕ್ಕೇರಿ ಕಡೆಯ ಮಠಗಳಿಗೂ ಭಕ್ತರು ಎರಡೂ ಕಡೆಯವರು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಆ ಹೆಸರಿಗೆ ಹಕ್ಕುದಾರರಾದವು. ಚಪ್ಪಲಿಗೆ ಸಾಧ್ಯವಾದ ಒಪ್ಪಂದ ಹಳ್ಳಿಗಳಿಗೆ ಸಾಧ್ಯವಾಗಲಿಲ್ಲ.

ಮುಂಬಯಿಗೆ ಹೋದ ಗಂಡಸರು, ಉಳಿದ ಹೆಂಗಸರು

2011ರ ಜನಗಣತಿಯಂತೆ ಕೊಲ್ಹಾಪುರ ಜಿಲ್ಲೆಯ ಜನಸಂಖ್ಯೆ 38,76,001. ಹತ್ತು ವರ್ಷ ಮೊದಲು 35,23,162 ಇತ್ತು. ನೂರಕ್ಕೆ 68 ಜನ ಹಳ್ಳಿಗಳಲ್ಲಿದ್ದರು. ಗಡಹಿಂಗ್ಲಜ ತಾಲೂಕಿನ ಜನ ಎರಡು ಲಕ್ಷಕ್ಕೂ ಹೆಚ್ಚು. ಪೇಟೆಯದು ಅದರ ಸಣ್ಣ ಪಾಲು. 2021ರಲ್ಲಿ ಆಗಬೇಕಿದ್ದ ಎಣಿಕೆ ಮುಂದಕ್ಕೆ ಹೋಯಿತು. 2027ರ ಮಾರ್ಚ್ 1 ಮುಂದಿನ ಗಣತಿಯ ದಿನವೆಂದು ಸರ್ಕಾರ 2025ರಲ್ಲಿ ಪ್ರಕಟಿಸಿತು.

ಈ ಅಂಕಿಗಳ ಹಿಂದೆ ಒಂದು ದೊಡ್ಡ ವಲಸೆಯ ಕಥೆ ಇದೆ. ಆಜರಾ, ಚಂದಗಡ, ಗಡಹಿಂಗ್ಲಜ ಮೂರೂ ತಾಲೂಕುಗಳ ಗಂಡಸರು ಮುಂಬಯಿಯ ಬಟ್ಟೆ ಗಿರಣಿಗಳಿಗೆ ಹೋದವರು. ಗಿರಣಗಾವ್‌ನ ಚಾಳುಗಳಲ್ಲಿ ಒಂದು ಖೋಲಿಯಲ್ಲಿ ಹತ್ತು ಹದಿನೈದು ಜನ, ಪಾಳಿಯ ಮೇಲೆ ಮಲಗಿ, ಖಾನಾವಳಿಯಲ್ಲಿ ಉಂಡು, ತಿಂಗಳಿಗೊಮ್ಮೆ ಮನಿಯಾರ್ಡರ್ ಕಳಿಸುತ್ತಿದ್ದರು. ಹೊಲ, ದನ, ಅತ್ತೆ ಮಾವ, ಮಕ್ಕಳು ಎಲ್ಲ ಹೆಂಗಸರ ಹೆಗಲಿಗೆ. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಆರಂಭವಾದ ಮುಷ್ಕರ ಮುಗಿಯಲೇ ಇಲ್ಲ ಎಂದು ಹೇಳಬೇಕು, ಗಿರಣಿಗಳೇ ಮುಗಿದವು. ಟ್ರಂಕು ಹೊತ್ತು ಊರಿಗೆ ಮರಳಿದ ಗಂಡಸರಿಗೆ ತಮ್ಮದೇ ಹೊಲದಲ್ಲಿ ಕೆಲಸ ಗೊತ್ತಿರಲಿಲ್ಲ. ಹೆಂಡತಿಗೆ ಗೊತ್ತಿತ್ತು.

ಅದೇ ಹೆಂಗಸರ ಜಿಲ್ಲೆಯಲ್ಲಿ ಹೆಣ್ಣು ಕೂಸುಗಳ ಸಂಖ್ಯೆ ಇಳಿಯಿತು ಎಂಬುದು ಎದೆ ಭಾರವಾಗುವ ಮಾತು. 2001ರ ಗಣತಿಯಲ್ಲಿ ಆರು ವರ್ಷದೊಳಗಿನ 1,000 ಗಂಡು ಮಕ್ಕಳಿಗೆ ಹೆಣ್ಣು ಮಕ್ಕಳು 839. ಕಬ್ಬಿನ ದುಡ್ಡು, ಸೋನೋಗ್ರಫಿ ಯಂತ್ರ, ಒಂದೇ ಗಂಡು ಸಾಕೆಂಬ ಆಸೆ ಮೂರೂ ಒಟ್ಟಿಗೆ ಬಂದಿದ್ದವು. 2010ರ ಆಸುಪಾಸಿನಲ್ಲಿ ಜಿಲ್ಲಾಡಳಿತ ಸೋನೋಗ್ರಫಿ ಯಂತ್ರಗಳಿಗೇ ನಿಗಾ ಉಪಕರಣ ಕೂಡಿಸಿ ಪ್ರತಿ ತಪಾಸಣೆಯನ್ನು ದಾಖಲಿಸುವ ಕೆಲಸ ಕೈಗೊಂಡಿತು. 2011ಕ್ಕೆ 839 ಹೋಗಿ 863 ಆಯಿತು. ಏರಿಕೆ ನಿಜ. ಸಾವಿರಕ್ಕೆ 863 ಎಂದರೆ ಇನ್ನೂ ಎಷ್ಟು ತೊಟ್ಟಿಲು ಖಾಲಿ ಎಂದು ಓದುಗರೇ ಲೆಕ್ಕ ಹಾಕಬಹುದು.

ಇನ್ನೊಂದು ಕಡೆಯಿಂದ ಈ ತಾಲೂಕು ಹೆಣ್ಣುಮಕ್ಕಳ ಪರವಾಗಿ ಮೊದಲು ಎದ್ದು ನಿಂತದ್ದೂ ಉಂಟು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡುವ ಪದ್ಧತಿ ಗಡಿಯ ಎರಡೂ ಕಡೆ ಇತ್ತು. ಅದರ ವಿರುದ್ಧ 1975ರಲ್ಲಿಯೇ ಗಡಹಿಂಗ್ಲಜದಲ್ಲಿ ದೇವದಾಸಿಯರ ಪರಿಷತ್ತು ನಡೆಯಿತು. ಕರ್ನಾಟಕದ ನಿಷೇಧ ಕಾಯ್ದೆ 1982ರದು, ಮಹಾರಾಷ್ಟ್ರದ್ದು 2005ರದು. ಈ ತಾಲೂಕಿನವರೇ ಆದ ಮರಾಠಿ ಕಾದಂಬರಿಕಾರ ರಾಜನ್ ಗವಸ್ ದೇವದಾಸಿಯರ ಬದುಕಿನ ಮೇಲೆ ಬರೆದ ಕಾದಂಬರಿಗೆ ಇಟ್ಟ ಹೆಸರು 'ಚೌಂಡಕಂ', ಅಂದರೆ ನಮ್ಮ ಜೋಗತಿಯರು ಬಾರಿಸುವ ಚೌಡಿಕೆ. ಅವರ 'ತಣಕಟ' ಕಾದಂಬರಿಗೆ 2001ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಮಗ್ಗದ ಊರಿನ ಕನ್ನಡ

ಗಿರಣಿ ಮುಚ್ಚಿದ ಮೇಲೆ, ಮಳೆ ಕೈಕೊಟ್ಟ ವರ್ಷಗಳಲ್ಲಿ, ಈ ಸೀಮೆಯ ಮತ್ತು ಉತ್ತರ ಕರ್ನಾಟಕದ ಜನ ಹತ್ತಿರದಲ್ಲಿ ಹುಡುಕಿಕೊಂಡ ಅನ್ನದ ಊರು ಇಚಲಕರಂಜಿ. ಕೊಲ್ಹಾಪುರದಿಂದ ಸುಮಾರು 30 ಕಿ.ಮೀ., ಪಂಚಗಂಗೆಯ ದಡ. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದರು. ಜಹಗೀರುದಾರ ನಾರಾಯಣರಾವ್ ಘೋರ್ಪಡೆ ಬೆನ್ನಿಗೆ ನಿಂತರು. ಇಂದು ಮಗ್ಗಗಳ ಸಂಖ್ಯೆ ಲಕ್ಷದ ಲೆಕ್ಕದಲ್ಲಿದೆ. 2011ರಲ್ಲಿ ಊರಿನ ಜನ 2.87 ಲಕ್ಷ. 2022ರಲ್ಲಿ ಅದು ಮಹಾನಗರಪಾಲಿಕೆಯಾಯಿತು.

ಆ ಊರಿನಲ್ಲಿ ಮಲಗಲು ಕಲಿಯಬೇಕು. ಮೊದಲ ವಾರ ಮಗ್ಗದ ಖಟಖಟ ಸದ್ದಿಗೆ ನಿದ್ದೆ ಬರುವುದಿಲ್ಲ. ಒಂದು ವರ್ಷವಾದರೆ ಕರೆಂಟು ಹೋಗಿ ಸದ್ದು ನಿಂತಾಗ ಎಚ್ಚರವಾಗುತ್ತದೆ. ಹನ್ನೆರಡು ತಾಸಿನ ಪಾಳಿಗಳು. ಗಂಡಸರು ಮಗ್ಗ ನೋಡಿಕೊಂಡರೆ ಹೆಂಗಸರು ಮನೆಯಲ್ಲಿ ಕಂಡಿಕೆ ಸುತ್ತುತ್ತಾರೆ. ಬಣ್ಣದ ಕಾರ್ಖಾನೆಗಳ ನೀರು ಪಂಚಗಂಗೆ ಸೇರುವುದು ಹಳೆಯ ರೋಗ. 2012ರಲ್ಲಿ ಕುಡಿಯುವ ನೀರು ಕೆಟ್ಟು ಕಾಮಾಲೆ ಹಬ್ಬಿ ಹಲವರು ಸತ್ತರು. ನಮ್ಮ ಓಣಿಯಲ್ಲಿ ಆ ಬೇಸಿಗೆಯಿಡೀ ನೀರು ಕುದಿಸುವ ವಾಸನೆ ಇತ್ತು.

ಕಾಖಾನೆಯ ಒಳಗೆ ಹಿಂದಿ, ಮರಾಠಿ. ಚಹಾ ಅಂಗಡಿಯಲ್ಲಿ ಬಾಗಲಕೋಟೆ, ವಿಜಯಪುರದ ಕನ್ನಡ. ಗಡಹಿಂಗ್ಲಜದ ಪೂರ್ವ ಪಟ್ಟಿಯಿಂದ ಬಂದವರು ಮಾತ್ರ ಎರಡರಲ್ಲೂ ಮೀನಿನಂತೆ ಈಜುತ್ತಾರೆ. ಅವರ ಕನ್ನಡದಲ್ಲಿ ಅರ್ಧ ಮರಾಠಿ, ಮರಾಠಿಯ ರಾಗ ಕನ್ನಡದ್ದು. ಇದನ್ನು ಕೇಳಿ ಧಾರವಾಡದವರೊಬ್ಬರು ನಕ್ಕಾಗ ಅವರಲ್ಲೊಬ್ಬ ಹೇಳಿದ: 'ನಮ್ಮ ಎತ್ತ ಎರಡೂ ಕಡೆ ತಿರಗತಾವ್ರಿ.'

ಕ್ರೈಸ್ತರ ಬಗ್ಗೆ ಓದುಗರು ಕೇಳಿಯೇ ಕೇಳುತ್ತಾರೆ. ಕೊಲ್ಹಾಪುರಕ್ಕೆ 1852ರಲ್ಲಿ ರಾಯಲ್ ವೈಲ್ಡರ್ ಎಂಬ ಅಮೇರಿಕದ ಪ್ರೊಟೆಸ್ಟೆಂಟ್ ಮಿಷನರಿ ಬಂದರು. ಶಾಲೆ, ಮುಂದೆ ಆಸ್ಪತ್ರೆ, ಚರ್ಚುಗಳು ಆ ಮಿಷನ್ನಿನಿಂದ ಆದವು. ಕಥೋಲಿಕರು ಕಡಿಮೆ. ಆಜರಾ ಕಡೆ ಗೋವೆಯಿಂದ ಬಂದ ಕೊಂಕಣಿ ಕುಟುಂಬಗಳು ತಲೆಮಾರುಗಳಿಂದ ಇವೆ. ಪುಣೆ ಧರ್ಮಕ್ಷೇತ್ರಕ್ಕೆ ಸೇರಿದ್ದ ಕೊಲ್ಹಾಪುರ ಜಿಲ್ಲೆ 2005ರ ಜುಲೈ 5ರಂದು ಸ್ಥಾಪನೆಯಾದ ಸಿಂಧುದುರ್ಗ ಧರ್ಮಕ್ಷೇತ್ರದ ಪಾಲಿಗೆ ಬಂತು. ಬಲಿಪೂಜೆ ಮರಾಠಿಯಲ್ಲಿ. ನಾನು ಇದ್ದಷ್ಟು ದಿನ ಭಾನುವಾರದ ವಾಚನಗಳನ್ನು ಮರಾಠಿಯಲ್ಲಿ ಕೇಳಿ ಕನ್ನಡದಲ್ಲಿ ಅರ್ಥ ಮಾಡಿಕೊಂಡೆ. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ತುಟಿಯೊಳಗೇ ಹೇಳುತ್ತಿದ್ದೆ. ಪಾಪನಿವೇದನೆಗೆ ಮಾತ್ರ ಸಂಕಟ. ತಪ್ಪು ಮಾಡಿದ್ದು ಒಂದು ಭಾಷೆಯಲ್ಲಿ, ಹೇಳುವುದು ಇನ್ನೊಂದರಲ್ಲಿ. ನಡುವೆ ಅರ್ಧ ತಪ್ಪು ಹಗುರಾಗಿಬಿಡುತ್ತಿತ್ತು. ಅಲ್ಲಿನ ಗುರುಗಳು ಒಮ್ಮೆ ನಗುತ್ತಾ, 'ಕನ್ನಡದಲ್ಲೇ ಹೇಳಿ, ದೇವರಿಗೆ ಬರುತ್ತದೆ' ಎಂದರು.

ತಾಯ್ನುಡಿಯ ಕಾಲಂ

ಕೊನೆಗೆ ನಾನು ಕಣ್ಣಾರೆ ಕಂಡದ್ದೊಂದನ್ನು ಬರೆಯುತ್ತೇನೆ. 2011ರ ಫೆಬ್ರವರಿ. ಗಡಹಿಂಗ್ಲಜದ ಪೂರ್ವಕ್ಕೆ ಒಂದು ಹಳ್ಳಿಯಲ್ಲಿ ಮಿತ್ರರ ಮನೆಗೆ ಹೋಗಿದ್ದೆ. ಜೋಳದ ರಾಶಿ ಮುಗಿದ ಸಮಯ. ಜನಗಣತಿಯ ಮಾಸ್ತರರು ಬಂದು ಕಟ್ಟೆಯ ಮೇಲೆ ಕುಳಿತರು. ಆ ನಮೂನೆಯಲ್ಲಿ ಮನೆಯ ಒಬ್ಬೊಬ್ಬರ ಮಾತೃಭಾಷೆಯನ್ನೂ ಬೇರೆ ಬೇರೆ ಬರೆಯಬೇಕು. ಗೊತ್ತಿರುವ ಇತರ ಭಾಷೆಗಳಿಗೆ ಬೇರೆ ಕಾಲಂ. ಹೆಸರು, ವಯಸ್ಸು, ಉದ್ಯೋಗ ಎಲ್ಲ ಸರಾಗವಾಗಿ ಹೋಯಿತು. ತಾಯ್ನುಡಿಯ ಕಾಲಂ ಬಂದಾಗ ಅಜ್ಜಿ ಒಳಗಿನಿಂದಲೇ ಅಂದರು:

'ಕನ್ನಡ ಅಂತ ಬರಕೋರಿ ಮಾಸ್ತರ. ಎಲ್ಲಾರದೂ.'

ಸೊಸೆ ಚಹಾದ ಲೋಟ ಇಡುತ್ತಾ ಮೆಲ್ಲಗೆ, 'ಅತ್ತಿ, ಹುಡುಗರದು ಮರಾಠಿ ಬರಸೂಣ್ರಿ. ಸಾಲಿ ಮರಾಠಿ ಐತಿ. ನಾಳೆ ನೌಕರಿಗೆ ಏನರ ಅಡ್ಡ ಬಂದ್ರ?' ಎಂದರು. ಆಕೆಯದೂ ಹುಕ್ಕೇರಿ ಕಡೆಯ ತವರು, ಕನ್ನಡದ್ದೇ. ಈ ಕಾಲಂಗೂ ನೌಕರಿಗೂ ಸಂಬಂಧವಿಲ್ಲವೆಂದು ಮಾಸ್ತರರು ಹೇಳಿದರು. ಆಕೆ ನಂಬಲಿಲ್ಲ. ನಾನೂ ಬಾಯಿ ಹಾಕಲಿಲ್ಲ. ನನ್ನ ಮಕ್ಕಳನ್ನು ನಾನು ಇಂಗ್ಲಿಷ್ ಶಾಲೆಗೆ ಹಾಕಿದ್ದೆ.

ಏಳು ವರ್ಷದ ಮೊಮ್ಮಗನನ್ನೇ ಕೇಳಿದರಾಯಿತು ಎಂದು ಮಾಸ್ತರರು ಅವನನ್ನು ಕರೆದರು. ಅವನು ಫುಟ್‌ಬಾಲ್ ಕಂಕುಳಲ್ಲಿ ಹಿಡಿದುಕೊಂಡೇ ಅಜ್ಜಿಯ ಮುಖ ನೋಡಿದ, ಅವ್ವನ ಮುಖ ನೋಡಿದ. 'ಆಯಿ ಕೂಡ ಕನ್ನಡ, ಸಾಲ್ಯಾಗ ಮರಾಠಿ' ಎಂದು ಹೇಳಿ ಓಡಿಹೋದ.

ಮಾಸ್ತರರು ಸ್ವಲ್ಪ ಹೊತ್ತು ಪೆನ್ನು ಹಿಡಿದು ಕುಳಿತು, ಹುಡುಗನ ಸಾಲಿನಲ್ಲಿ ಮರಾಠಿ ಎಂದೂ ಮುಂದಿನ ಕಾಲಂನಲ್ಲಿ ಕನ್ನಡ ಎಂದೂ ತುಂಬಿದರು. ಅಜ್ಜಿ ಅಷ್ಟರಲ್ಲಿ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತಿದ್ದರು.

'ನಂದರ ಕನ್ನಡ ಬರಕೊಂಡೀರಿ ಹೌದಿಲ್ಲೋ?'

'ಬರಕೊಂಡೇನ್ರಿ ಆಯಿ,' ಎಂದು ಅವರು ಹಾಳೆಯನ್ನು ಆಕೆಯ ಕಡೆ ತಿರುಗಿಸಿ ತಮ್ಮ ಪೆನ್ನಿನ ತುದಿಯಿಂದ ತೋರಿಸಿದರು. ಅಕ್ಷರ ಬಾರದ ಆ ಹಿರಿಯ ಜೀವ ಬಗ್ಗಿ, ಕಣ್ಣು ಕಿರಿದು ಮಾಡಿ, ಆ ಜಾಗವನ್ನು ಬಹಳ ಹೊತ್ತು ನೋಡಿದರು.